ಸ್ವಲ್ಪ ಎಂದವಳ ಮಗಳಿಗೆ

ತಕ್ಕಡಿ ಎಂದು ನಾನು ಕರೆಯುವ ನನ್ನ ಮೊಮ್ಮಗಳಿಗೆ,

ಮೊದಲು ನೆಟ್ಟಗೆ ಕೂತುಕೋ. ಅಡ್ಡಬಿದ್ದು ಆಕಳಿಸುತ್ತಾ ಓದುವ ಕಾಗದ ಇದಲ್ಲ. ಇದನ್ನು ಒಡೆದವರು ನನ್ನ ಮೊಮ್ಮಗಳಲ್ಲದೆ ಅವಳ ರೂಮಿನ ಜೊತೆಗಾತಿಯೋ ಬಾಡಿಗೆ ಮನೆಯ ಯಜಮಾನಿಯೋ ಆಗಿದ್ದರೆ, ನಾಚಿಕೆಯಾಗಬೇಕು ತಾಯಿ ನಿಮಗೆ, ಮಡಚಿ ಅವಳ ದಿಂಬಿನ ಕೆಳಗೆ ಇಟ್ಟುಬಿಡಿ. ನೀನೇ ಓದುತ್ತಿದ್ದೀಯೆಂದಾದರೆ ಆ ನಾಚಿಕೆ ನಿನಗೆ ದುಪ್ಪಟ್ಟು ಇರಲಿ. ಫೋನು ಮಾಡಿದರೆ ಎತ್ತುವುದಿಲ್ಲ. ಎತ್ತದೆ ಇದ್ದುದಕ್ಕೆ ‘ಬ್ಯುಸಿ ಅಜ್ಜಿ’ ಎಂದು ಒಂದು ಮೆಸೇಜು. ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುವ ಕೆಲಸದಲ್ಲಿ ಅದೇನು ಬ್ಯುಸಿಯೇ ನಿನಗೆ? ಬಾಯಿಗೂ ಅದೇ ಟೇಪು ಅಂಟಿಸಿಕೊಂಡೆಯಾ?

ನಾನು ನಾಲ್ಕನೆಯ ಕ್ಲಾಸಿಗೆ ಸ್ಲೇಟು ಒಡೆದು ಮನೆಗೆ ಬಂದವಳು. ಒತ್ತಕ್ಷರಗಳು ಅಲ್ಲಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದರೆ ಎತ್ತಿ ನಿಲ್ಲಿಸಿ ಓದಿಕೋ. ಕೆಂಪು ಪೆನ್ನು ಹಿಡಿದು ತಿದ್ದಲು ಹೋದೆಯೋ, ಬಸ್ಸು ಹತ್ತಿ ಬಂದು ಕಿವಿ ಹಿಂಡುತ್ತೇನೆ.

ನಿನ್ನ ಅಮ್ಮನ ಮಣ್ಣಾದ ಮರುವಾರವೇ ನೀನು ಹೊರಟುಬಿಟ್ಟೆ. ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ಅಜ್ಜಿ, ಆವತ್ತು ಡಾಕ್ಟರ ಹತ್ರ ಅಮ್ಮನ ನೋವಿಗೆ ನಾನು ವೆರಿ ಅನ್ನಬೇಕಿತ್ತು. ಎ ಬಿಟ್ ಅಂದೆ. ನನ್ನ ಬಾಯಿಂದಲೇ ಅಮ್ಮ ಹೋದಳು. ಇನ್ನು ಯಾವ ಬಾಯಲ್ಲಿ ಪಾಠ ಹೇಳಲಿ?” ನಾನು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನ ಬಾಗಿಲು ಹಾಕಿಕೊಂಡಿತು. ನಿಜ ಹೇಳಬೇಕೆಂದರೆ ಆಗ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಈಗ ಇದೆ. ಅದಕ್ಕೇ ಈ ಕಾಗದ. ಆದರೆ ತಟ್ಟನೆ ಹೇಳಿಬಿಟ್ಟರೆ ನೀನು ಅಷ್ಟನ್ನೇ ಓದಿ ಮಡಚಿಡುತ್ತೀ. ಅದಕ್ಕೇ ದಾರಿ ಸುತ್ತಿಸಿಕೊಂಡು ಹೇಳುತ್ತೇನೆ. ಮುದುಕಿಯ ಜೊತೆ ನಡೆಯುವವರು ನಿಧಾನವಾಗಿ ನಡೆಯಬೇಕು.

ನಮ್ಮ ಮಾತು ಬಾರದ ಈ ಊರಿಗೆ ನಾವು ಬಂದಾಗ ನಿನಗಿನ್ನೂ ಹಾಲುಹಲ್ಲು. ಆದರೂ ನಮ್ಮ ಮನೆಗೆ ನಾಲಿಗೆ ನೀನೇ ಆದೆ. ಕರೆಂಟಿನ ಕಚೇರಿಗೆ ನೀನು, ಮನೆ ಬಾಡಿಗೆ ಮಾತಾಡಲು ನೀನು, ಕೊನೆಗೆ ಶಾಲೆಯಲ್ಲಿ ನಿನ್ನದೇ ತಂಟೆಯ ಬಗ್ಗೆ ಟೀಚರು ದೂರು ಹೇಳಿದರೆ ಅದನ್ನು ನಿನ್ನ ಅಮ್ಮನಿಗೆ ತಿಳಿಸಲೂ ನೀನೇ! ಬೇರೆ ಮಕ್ಕಳಾಗಿದ್ದರೆ ‘ಟೀಚರು ನನ್ನನ್ನ ಹೊಗಳ್ತಿದ್ದಾರೆ’ ಎಂದುಬಿಡುತ್ತಿದ್ದವು. ನೀನು ಒಂದೂ ಬಿಡದೆ ಒಪ್ಪಿಸಿ, ಆಮೇಲೆ ನೀನೇ ಅತ್ತೆ. ಮನೆಯ ಮಾಲೀಕ ಒಮ್ಮೆ ಬಾಗಿಲಿಗೆ ಬಂದು ಕೂಗಾಡಿದಾಗಲೂ ಅಷ್ಟೆ. ಅವನ ಬೈಗುಳವನ್ನೆಲ್ಲ ಕೈಕಟ್ಟಿ ನಿಂತು ಕನ್ನಡಕ್ಕೆ ಇಳಿಸಿದೆ. “ಅಷ್ಟೊಂದು ಬೈದನೇನೇ?” ಎಂದಳು ನಿನ್ನ ಅಮ್ಮ. “ಇರಮ್ಮ, ಇನ್ನೂ ಮುಗಿದಿಲ್ಲ” ಎಂದೆ ನೀನು. ಆವತ್ತೇ ನಿನಗೆ ತಕ್ಕಡಿ ಎಂದು ಹೆಸರಿಟ್ಟೆ. ಈ ಕಡೆ ಇಟ್ಟಷ್ಟೇ ಆ ಕಡೆ. ಗುಲಗಂಜಿ ತೂಕ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅಂಥವಳು ಬೆಳೆದು ಇಂಗ್ಲಿಷ್ ಪಾಠ ಹೇಳುವವಳಾದದ್ದರಲ್ಲಿ ಆಶ್ಚರ್ಯವೇನಿದೆ. ಲೈಬ್ರರಿಯ ಮಹಡಿಯ ಮೇಲಿನ ಆ ಕೋಣೆ ನೆನಪಿದೆಯಾ? ಕುರ್ಚಿಗಳ ಕಾಲಿಗೆ ಹಳೆಯ ಟೆನಿಸ್ ಚೆಂಡು ಸಿಕ್ಕಿಸಿದ್ದರು, ನೆಲ ಗೀಚಬಾರದೆಂದು. ಸಂಜೆ ಕೆಲಸ ಮುಗಿಸಿ ನಮ್ಮ ಮಾತಿನವರೇ ನಾಲ್ಕಾರು ಜನ ಬರುತ್ತಿದ್ದರು. ಬೇಕರಿಯವನ ಮೈಗೆ ಮೈದಾಹಿಟ್ಟು, ಬಸ್ ಡ್ರೈವರಿನ ಕಣ್ಣಿಗೆ ನಿದ್ದೆ. ಮನೆಯಲ್ಲಿ ಒಬ್ಬಳೇ ಗೋಡೆ ನೋಡುವುದಕ್ಕಿಂತ ಇದು ವಾಸಿ ಎಂದು ನಾನೂ ಕೊನೆಯ ಕುರ್ಚಿ ಹಿಡಿದೆ.

ಆ ದಿನ ನೀನು ಬೋರ್ಡಿನ ಮೇಲೆ ಸಾಲಾಗಿ ಕೊಡ ಬರೆದೆ. ತಳದಲ್ಲಿ ಅಷ್ಟು ನೀರು ಬರೆದು ‘ಎ ಬಿಟ್’ ಎಂದೆ. ಮುಕ್ಕಾಲಿಗೆ ‘ಕ್ವೈಟ್’. ಕಂಠದವರೆಗೆ ತುಂಬಿಸಿ ‘ವೆರಿ’. ಆಮೇಲೆ ನೀರು ಚೆಲ್ಲಿ ಬೋರ್ಡಿನ ಕೆಳಗೆಲ್ಲ ಹರಿಯುವ ಹಾಗೆ ಗೀಚಿ ‘ಟೂ’ ಎಂದೆ. ಒಂದು ಮಾತಿನ ಮುಂದೆ ಯಾವುದನ್ನು ನಿಲ್ಲಿಸಬೇಕು ಎನ್ನುವುದು ಬಾಯಿಪಾಠದಿಂದ ಬರುವುದಿಲ್ಲ, ಮನಸ್ಸಿನಲ್ಲಿ ಎಷ್ಟಿದೆ ಎಂದು ಮೊದಲು ಇಣುಕಿ ನೋಡಬೇಕು ಎಂದು ನೀನೇ ಹೇಳಿದೆ. ನನಗೆ ಕೊಡದ ಲೆಕ್ಕ ಹತ್ತಲಿಲ್ಲ. ನಾನು ಆ ಪದಗಳನ್ನೆಲ್ಲ ಸೊಸೆಯಂದಿರನ್ನಾಗಿ ಮಾಡಿಕೊಂಡೆ. ವೆರಿ ಹಿರಿಸೊಸೆ, ಯಾವ ಕೆಲಸಕ್ಕೆ ಕರೆದರೂ ಬರುತ್ತಾಳೆ, ಅದಕ್ಕೇ ಅವಳಿಗೆ ಬೆಲೆಯಿಲ್ಲ. ಕ್ವೈಟ್ ಎನ್ನುವವಳ ಮುಖ ನೋಡಿದರೆ ಒಪ್ಪಿದಳೋ ಮುನಿದಳೋ ತಿಳಿಯುವುದಿಲ್ಲ. ಟೂ ಎನ್ನುವವಳು ಕಾಲಿಟ್ಟ ಕಡೆ ಏನಾದರೂ ಕೆಡುತ್ತದೆ. ನೀನು ಪಕ್ಕದಲ್ಲಿ ಬರೆದ ಅಬ್ಸಲ್ಯೂಟ್ಲಿ ಇದ್ದಾಳಲ್ಲ, ಅವಳು ದೊಡ್ಡ ಮನೆಯಿಂದ ಬಂದವಳು, ಎಲ್ಲರ ಪಕ್ಕ ಕೂರುವುದಿಲ್ಲ. ಸುಮ್ಮನೆ ಟೈರ್ಡ್ ಎಂದು ದಣಿದವರ ಕಡೆ ತಿರುಗಿಯೂ ನೋಡಳು, ಎಕ್ಸಾಸ್ಟೆಡ್ ಎಂದು ಪೂರ್ತಿ ಬಸವಳಿದು ಬಿದ್ದರೆ ಮಾತ್ರ ಬಂದು ಪಕ್ಕದಲ್ಲಿ ಕೂರುತ್ತಾಳೆ. ನಾನು ಇದನ್ನು ಹೇಳಿದಾಗ ನೀನು ನಕ್ಕು ನಕ್ಕು ಸೀಮೆಸುಣ್ಣ ಬೀಳಿಸಿದೆ.

ಬೇಕರಿಯವನು ಅಷ್ಟರಲ್ಲಾಗಲೇ ಅಂಗಡಿಯ ಬಾಗಿಲಿಗೆ ‘ಅವರ್ ಬ್ರೆಡ್ ಈಸ್ ಟೂ ಫ್ರೆಶ್’ ಎಂದು ಬೋರ್ಡು ಹಾಕಿಬಿಟ್ಟಿದ್ದ. “ಟೂ ಅಂದ್ರೆ ಬೇಡ ಅನ್ನಿಸೋ ಅಷ್ಟು, ಅಣ್ಣ” ಎಂದೆ ನೀನು. ಅವನು ತಲೆ ಕೆರೆದುಕೊಂಡು, “ಹಾಗಾದ್ರೆ ಬ್ರೆಡ್ಡಿಗೆ ವೆರಿ ಇರ್ಲಿ. ಟೂ ನಮ್ಮತ್ತೆಗೆ ಎತ್ತಿಡ್ತೀನಿ” ಎಂದ. ಅತಿಯಾದರೆ ಅಮೃತವೂ ವಿಷ ಎಂದು ನಮ್ಮವ್ವ ಹೇಳುತ್ತಿದ್ದುದು ಇದೇ ಟೂ ಬಗ್ಗೆ ಎಂದು ನನಗೆ ಆಗ ಹೊಳೆಯಿತು. ಆಮೇಲೆ ನೀನು ‘ಸೋ’ ಬರೆದೆ. ಇವಳು ‘ದಟ್’ ಎನ್ನುವ ಬಾಲ ಕೇಳುವವಳು, ಸೋ ಟೈರ್ಡ್ ಎಂದು ನಿಲ್ಲಿಸಿದರೆ ಕೇಳುವವರು ಮುಂದೇನು ಎಂದು ಕಾಯುತ್ತಾ ಕೂರುತ್ತಾರೆ ಎಂದೆ. ಡ್ರೈವರು ಕುರ್ಚಿಯಲ್ಲೇ ಗೊರಕೆ ಹೊಡೆದು ಆ ವಾಕ್ಯವನ್ನು ಮುಗಿಸಿದ.

ಕೊನೆಗೆ ನಾನು ಕೈಯೆತ್ತಿ ಕೇಳಿದೆ. “ಡೆಡ್ ಅನ್ನೋದಕ್ಕೆ ವೆರಿ ಹಾಕಬಹುದೇನೇ?” ನೀನು, “ಬೇಡಜ್ಜಿ. ಸತ್ತರೆ ಸತ್ತ ಹಾಗೆ. ತುಂಬಾ ಸತ್ತ, ಸ್ವಲ್ಪ ಸತ್ತ ಅಂತೆಲ್ಲಾದ್ರೂ ಇರುತ್ತಾ?” ಎಂದೆ. ಎಲ್ಲರೂ ನಕ್ಕರು. ನಮ್ಮನ್ನು ಮನೆಗೆ ಕರೆದೊಯ್ಯಲು ಬಂದು ಬಾಗಿಲ ಬಳಿ ನಿಂತಿದ್ದ ನಿನ್ನ ಅಮ್ಮನೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಇರುತ್ತದೆ ಕಣೇ. ನಿನ್ನ ಪಾಠದಲ್ಲಿ ತಪ್ಪಾಗಿದ್ದರೆ ಅದೊಂದೇ ತಪ್ಪು. ಬೆಳಗ್ಗೆ ಹಾಲು ಕಾಯಿಸುವಾಗ ನಿನ್ನ ಅಮ್ಮ ಸ್ವಲ್ಪ ಸತ್ತಿರುತ್ತಾಳೆ. ಹೊಲಿಗೆ ಅಂಗಡಿಯ ಬೀಗ ತೆಗೆದು ಅವಳ ಮೆಷಿನ್ನಿನ ಮುಸುಕು ಎತ್ತುವಾಗ ತುಂಬಾ ಸತ್ತಿರುತ್ತಾಳೆ. ಮಧ್ಯಾಹ್ನ ಗಿರಾಕಿಯ ಜೊತೆ ಜಗಳವಾಡುವಾಗ ಸತ್ತೇ ಇಲ್ಲವೇನೋ ಎನ್ನುವಂತೆ, ‘ಇವಳಿಗೆ ಹೇಳಬೇಕು’ ಎಂದು ಹಿಂದಕ್ಕೆ ತಿರುಗುತ್ತೇನೆ. ಆಗ ಒಂದು ಸತ್ತಿರುವುದಿದೆಯಲ್ಲ, ಅದಕ್ಕೆ ಯಾವ ಸೊಸೆಯನ್ನು ಕರೆಯಲಿ ಹೇಳು.

ಅವಳ ವಿಷಯಕ್ಕೆ ಬರುತ್ತೇನೆ. ಅಂಗಡಿಯೆಂದರೆ ಏನು, ಎರಡು ಮೆಷಿನ್ನು, ಒಂದು ಇಸ್ತ್ರಿ ಮೇಜು, ಬಟ್ಟೆ ಹಾಕಿ ನೋಡಿಕೊಳ್ಳಲು ಪರದೆ ಎಳೆದ ಒಂದು ಮೂಲೆ. ಉದ್ದ ಗಿಡ್ಡ ಮಾಡುವುದು, ಸಡಿಲ ಬಿಗಿ ಮಾಡುವುದು. ಈ ಊರಿನವರೆಲ್ಲರ ಸೊಂಟದ ಗುಟ್ಟು ಅವಳಿಗೆ ಗೊತ್ತಿತ್ತು. ಅವಳ ಕೈಯಲ್ಲಿ ಒಂದು ಕಟ್ಟುನಿಟ್ಟಿತ್ತು. ಯಾವ ಬಟ್ಟೆಯನ್ನೂ ಅಳತೆಗೆ ಸರಿಯಾಗಿ ಕತ್ತರಿಸುತ್ತಿರಲಿಲ್ಲ. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದಳು. “ಒಳಗೆ ಇರ್ಲಿ ಅವ್ವ. ನಾಳೆ ಬೇಕಾದ್ರೆ ಬಿಚ್ಚಿಕೊಳ್ಳಬಹುದು. ಕತ್ತರಿಸಿಬಿಟ್ರೆ ಎಲ್ಲಿಂದ ತರೋದು?” ಎನ್ನುತ್ತಿದ್ದಳು.

ಮಾತಿನಲ್ಲೂ ಅವಳದು ಅದೇ ಹೊಲಿಗೆ. ಇಸ್ತ್ರಿಪೆಟ್ಟಿಗೆ ತಗುಲಿ ಅಂಗೈ ಬೊಬ್ಬೆಯೆದ್ದಾಗ ‘ಸ್ವಲ್ಪ ಉರಿ’. ನಿನ್ನ ಅಪ್ಪ ಇನ್ನೊಂದು ಸಂಸಾರ ಕಟ್ಟಿಕೊಂಡು ಹೋದ ದಿನ ‘ಸ್ವಲ್ಪ ಬೇಜಾರು, ಅಷ್ಟೇ’ ಎಂದು ಯಾರದೋ ಪ್ಯಾಂಟಿನ ಅಂಚು ಮಡಚುತ್ತಾ ಕೂತಳು. ನೀನು ಪರೀಕ್ಷೆಯಲ್ಲಿ ಗೆದ್ದು ಬಂದಾಗಲೂ ‘ಸ್ವಲ್ಪ ಖುಷಿಯಾಯ್ತು’ ಎಂದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ಸ್ವಲ್ಪದ ಒಳಗೆ ಅವಳು ಎಷ್ಟು ಬಟ್ಟೆ ಮಡಚಿ ಬಿಟ್ಟಿದ್ದಾಳೆಂದು ನಮಗಿಬ್ಬರಿಗೂ ಗೊತ್ತಿತ್ತು. ಬಿಚ್ಚಲು ಮಾತ್ರ ಅವಳು ಬಿಡುತ್ತಿರಲಿಲ್ಲ.

ಆಸ್ಪತ್ರೆಯಲ್ಲೂ ಅದೇ ಆಯಿತು. ಡಾಕ್ಟರು ಎಷ್ಟು ನೋವು ಎಂದು ನಿನ್ನನ್ನು ಕೇಳಿದರು, ನೀನು ಅವಳನ್ನು ಕೇಳಿದೆ. ಅವಳು ಸ್ವಲ್ಪ ಎಂದಳು. “ಸರಿಯಾಗಿ ಹೇಳಮ್ಮ, ಸ್ವಲ್ಪಾನಾ, ತುಂಬಾನಾ?” ಎಂದು ನೀನು ಇನ್ನೊಮ್ಮೆ ಕೇಳಿದ್ದನ್ನು ಪಕ್ಕದಲ್ಲೇ ಕೂತಿದ್ದ ನಾನು ನನ್ನ ಕಿವಿಯಾರೆ ಕೇಳಿದ್ದೇನೆ. “ಸ್ವಲ್ಪ ಅಂದ್ನಲ್ಲ. ಕಿವಿ ಕೇಳ್ಸಲ್ವಾ?” ಎಂದು ಅವಳು ರೇಗಿದಳು. ನಿನ್ನ ತುಟಿ ವೆರಿ ಎನ್ನಲು ಹೊರಟದ್ದನ್ನೂ ನಾನು ನೋಡಿದೆ. ಆದರೆ ತಕ್ಕಡಿ ನೀನು, ಇಟ್ಟಷ್ಟನ್ನೇ ತೂಗಿದೆ. ‘ಎ ಬಿಟ್’ ಎಂದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಔಷಧಿ ಬರೆದರು. ಅದನ್ನು ತರಲು ನೀನು ಕೌಂಟರಿಗೆ ಹೋದೆ, ನಿನ್ನ ಹಿಂದೆ ನಾನೂ ಬಂದೆ. ಅವಳೊಬ್ಬಳೇ ಒಳಗೆ ಉಳಿದಳು.

ಇಲ್ಲಿಂದ ಮುಂದಿನದು ನಿನಗೂ ಗೊತ್ತಿಲ್ಲ, ಕಳೆದ ವಾರದವರೆಗೆ ನನಗೂ ಗೊತ್ತಿರಲಿಲ್ಲ.

ಕಳೆದ ವಾರ ಅಂಗಡಿಗೆ ಒಬ್ಬಾಕೆ ಬಂದಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಊಟದ ಟ್ರಾಲಿ ತಳ್ಳುವವಳು, ನಮ್ಮ ಮಾತಿನವಳೇ. ಕೈಯಲ್ಲಿ ಅವಳ ನೀಲಿ ಸಮವಸ್ತ್ರ. “ಇದನ್ನ ಸಡಿಲ ಮಾಡಿಕೊಡ್ತೀನಿ ಅಂದಿದ್ರು ಅಕ್ಕ. ಕಾಸು ಬೇಡ ಅಂದಿದ್ರು. ಇದ್ದಾರಾ?” ಎಂದಳು. ಇಲ್ಲ ಎಂದೆ. ಆಕೆ ಆ ಬಟ್ಟೆಯನ್ನು ಎದೆಗೆ ಅವುಚಿಕೊಂಡು ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಯಾಕಮ್ಮ ಕಾಸು ಬೇಡ ಅಂದಿದ್ದಳು ಎಂದು ಕೇಳಿದೆ. ಆಗ ಹೇಳಿದಳು.

ಆ ದಿನ ನಾವಿಬ್ಬರೂ ಹೊರಗೆ ಹೋದ ಮೇಲೆ ಡಾಕ್ಟರು ಬಾಗಿಲ ಬಳಿ ಹೋಗುತ್ತಿದ್ದ ಈಕೆಯನ್ನು ಒಳಗೆ ಕರೆದರಂತೆ. “ಈಕೆ ಬಾಯಿ ಹೇಳೋದೇ ಬೇರೆ, ಕೈ ಹೇಳೋದೇ ಬೇರೆ. ನಾನು ಒತ್ತಿದಾಗ ಮಂಚದ ಅಂಚು ಹಿಡಿದಿದ್ದನ್ನ ನೋಡಿದೆ. ಸೋಮವಾರ ಸ್ಕ್ಯಾನಿಂಗಿಗೆ ಬರಲೇಬೇಕು ಅಂತ ಅವರ ಮಾತಲ್ಲಿ ಹೇಳು” ಎಂದರಂತೆ. ಕೇಳಿಸಿತಾ? ಅವರು ನಿನ್ನ ಎ ಬಿಟ್ ಕೇಳಿ ಮನೆಗೆ ಕಳಿಸಲಿಲ್ಲ. ಅವಳ ಕೈ ನೋಡಿ ಕರೆದರು. ನೀನು ವೆರಿ ಎಂದಿದ್ದರೂ ಅದೇ ಸೋಮವಾರ, ಅದೇ ಸ್ಕ್ಯಾನಿಂಗು.

ಸೋಮವಾರ ನಿನ್ನ ಅಮ್ಮ ಒಬ್ಬಳೇ ಸ್ಕ್ಯಾನಿಂಗಿಗೆ ಹೋದಳು. ನನಗೆ ‘ನೂಲು ತರಬೇಕು ಅವ್ವ’ ಎಂದು ಹೇಳಿ ಹೋಗಿದ್ದಳು. ಸುಳ್ಳಾಗಬಾರದೆಂದು ವಾಪಸು ಬರುವಾಗ ನೂಲನ್ನೂ ತಂದಳು, ಯಾವ ಗಿರಾಕಿಯ ಬಟ್ಟೆಗೂ ಹೊಂದದ ಒಂದು ನೇರಳೆ ಉಂಡೆ. ಯಾಕೇ ಇದು ಎಂದಿದ್ದೆ, ಚೆಂದ ಕಂಡಿತು ಎಂದಿದ್ದಳು. ರಿಪೋರ್ಟು ಕೇಳಲು ಹೋದಾಗಲೂ ಒಬ್ಬಳೇ ಹೋದಳು. ಮಾತು ತಿಳಿಸಿ ಹೇಳಲು ಟ್ರಾಲಿಯವಳ ಕೈ ಹಿಡಿದುಕೊಂಡಳು. ಡಾಕ್ಟರು ಈ ರೋಗ ಬಹಳ ಹಳೆಯದು, ನೀವು ಮೊದಲ ಸಲ ನನ್ನ ಬಾಗಿಲಿಗೆ ಬರುವುದಕ್ಕೆ ಎಷ್ಟೋ ಮುಂಚೆಯೇ ಕೈಮೀರಿತ್ತು ಎಂದರಂತೆ. ಆಸ್ಪತ್ರೆಯಲ್ಲಿ ಮಲಗಿದರೆ ಕೆಲವು ವಾರ ಹೆಚ್ಚು ಸಿಗಬಹುದು ಎಂದರಂತೆ. ಅವಳು ಮೆಷಿನ್ನಿನ ಮುಂದೆ ಕೂತಿರುವುದೇ ಸಾಕು ಎಂದಳಂತೆ.

ಟ್ರಾಲಿಯವಳು ಅಳುತ್ತಾ ಕೇಳಿದಳಂತೆ, “ಇಂಥ ಮಾತಿಗೆ ನನ್ನನ್ನ ಯಾಕೆ ಕರೆದ್ರಿ ಅಕ್ಕ? ಮಗಳಿಗೆ ಇಂಗ್ಲಿಷ್ ಅಷ್ಟು ಚೆನ್ನಾಗಿ ಬರುತ್ತಲ್ಲ?”

ನಿನ್ನ ಅಮ್ಮ ಕೊಟ್ಟ ಉತ್ತರವನ್ನು ಟ್ರಾಲಿಯವಳು ಹೇಳಿದ ಹಾಗೆಯೇ ಬರೆಯುತ್ತೇನೆ, ನಾನೂ ಇವತ್ತು ತಕ್ಕಡಿ. “ಅದಕ್ಕೇ ಕರ್ಕೊಂಡು ಬರಲಿಲ್ಲ ತಂಗಿ. ಅವಳಿಗೆ ಒಂದು ಮಾತೂ ಬಿಟ್ಟು ಹೇಳಕ್ಕೆ ಬರಲ್ಲ. ಡಾಕ್ಟರು ಅಂದಿದ್ದನ್ನ ಅಷ್ಟೂ ತೂಗಿ ನನ್ನ ಕೈಗೆ ಹಾಕ್ತಾಳೆ. ನೀನು ಸಾಯ್ತೀಯಮ್ಮ ಅಂತ ನನ್ನ ಮಗಳ ಬಾಯಲ್ಲಿ ಹೇಳಿಸ್ಲಾ? ಚಿಕ್ಕಂದಿನಿಂದ ಊರಿನವರ ಮಾತೆಲ್ಲ ಆ ಕೂಸಿನ ತಲೆ ಮೇಲೆ ಹೊರಿಸಿದ್ದೀನಿ. ಇದೊಂದು ಬೇಡ.”

ಓದಿದೆಯಾ? ಇನ್ನೊಂದು ಸಲ ಓದು. ನಾನು ಕಾಯುತ್ತೇನೆ.

ನಿನ್ನ ಬಾಯಿಂದ ಅವಳು ಹೋದಳೆಂದು ನೀನು ಊರು ಬಿಟ್ಟೆ. ಆ ಬಾಯಿಗೆ ನೋವಾಗಬಾರದೆಂದು ಅವಳು ಅಷ್ಟು ದೂರ ಒಬ್ಬಳೇ ನಡೆದು ಹೋಗಿಬಂದಳು. ತಾಯಿ ಮಗಳು ಇಬ್ಬರೂ ಒಂದೇ ಅಚ್ಚು. ಒಬ್ಬಳು ಹೇಳದೆ ಸತ್ತಳು, ಒಬ್ಬಳು ಕೇಳದೆ ಓಡಿದಳು. ನಡುವೆ ಸಿಕ್ಕಿಕೊಂಡವಳು ಈ ಮುದುಕಿ.

ನನಗೆ ಅವಳ ಮೇಲೆ ಸಿಟ್ಟಿಲ್ಲವೆಂದುಕೊಳ್ಳಬೇಡ. ಟ್ರಾಲಿಯವಳು ಹೋದ ಮೇಲೆ ಅಂಗಡಿಯ ಬಾಗಿಲು ಮುಂದೆ ಮಾಡಿ ಆ ಮೆಷಿನ್ನಿಗೆ ಬಾಯಿಗೆ ಬಂದ ಹಾಗೆ ಬೈದೆ. ಮಗಳನ್ನು ಉಳಿಸಿದೆ, ಸರಿಯಮ್ಮ, ಹೆತ್ತವಳಿಗೂ ಹೇಳಬಾರದಿತ್ತಾ? ನನ್ನ ಮಡಿಲಲ್ಲಿ ತಲೆಯಿಟ್ಟು ಒಂದು ಸಲ, ಒಂದೇ ಒಂದು ಸಲ, ‘ಅವ್ವ, ತುಂಬಾ ನೋವು’ ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೇ ಎಂದೆ. ಮೆಷಿನ್ನು ಏನು ಹೇಳುತ್ತದೆ. ಪರದೆಯ ಹಿಂದೆ ಪ್ಯಾಂಟು ಬದಲಿಸುತ್ತಿದ್ದ ಗಿರಾಕಿಯೊಬ್ಬ ಹೆದರಿ ಹಾಗೇ ನಿಂತಿದ್ದ, ಪಾಪ. ಅವನನ್ನು ಮರೆತೇಬಿಟ್ಟಿದ್ದೆ. ಅವನಿಗೆ ಒಂದಕ್ಷರವೂ ಅರ್ಥವಾಗಿಲ್ಲ, ಆದರೂ ಹೋಗುವಾಗ ನನ್ನ ಭುಜ ತಟ್ಟಿ ಹೋದ.

ಆ ಸಮವಸ್ತ್ರ ನಾನೇ ಸಡಿಲ ಮಾಡಿಕೊಟ್ಟೆ. ನಿನ್ನ ಅಮ್ಮ ಮಾತು ಕೊಟ್ಟಿದ್ದಳಲ್ಲ. ಆ ನೇರಳೆ ನೂಲಿನಲ್ಲೇ ಒಳಗಿನ ಹೊಲಿಗೆ ಹಾಕಿದೆ. ಹೊರಗೆ ಕಾಣುವುದಿಲ್ಲ.

ನಿನ್ನ ಪಾಠದ ಕೋಣೆಯ ಸಂಗತಿ. ಬೇಕರಿಯವನು, ಡ್ರೈವರು ಎಲ್ಲರೂ ಈಗಲೂ ವಾರಕ್ಕೊಮ್ಮೆ ಬಂದು ಖಾಲಿ ಬೋರ್ಡು ನೋಡಿ ಹರಟೆ ಹೊಡೆದು ಹೋಗುತ್ತಾರೆ. ಒಂದು ಸಂಜೆ ನಾನೇ ಎದ್ದು ಸೊಸೆಯಂದಿರ ಪಾಠ ಮಾಡಿದೆ. ಮುಗಿದ ಮೇಲೆ ಅವರಿಗೆ ಮೊದಲು ಬರುತ್ತಿದ್ದುದೂ ಮರೆತುಹೋಯಿತಂತೆ. ಬೇಕರಿಯವನು ಹೊಸ ಬೋರ್ಡು ಹಾಕಿದ್ದಾನೆ, ‘ಅವರ್ ಬ್ರೆಡ್ ಈಸ್ ಸೋ ಫ್ರೆಶ್ ದಟ್’, ಅಷ್ಟಕ್ಕೇ ನಿಲ್ಲಿಸಿದ್ದಾನೆ. “ಬಾಲ ಮೇಡಮ್ಮೋರು ಬಂದೇ ಬರೀಬೇಕು” ಎಂದು ಹಠ. ಬ್ರೆಡ್ಡು ಕೊಳ್ಳಲು ಬಂದವರೆಲ್ಲ ನಿಂತು, ದಟ್ ಏನು, ದಟ್ ಏನು ಎಂದು ಕೇಳುತ್ತಾರೆ. ಲೈಬ್ರರಿಯ ಯಜಮಾನಿ ಮಾತ್ರ ಕಾಯುವವಳಲ್ಲ. ಮುಂದಿನ ತಿಂಗಳು ಹುಟ್ಟುವುದರೊಳಗೆ ಪಾಠ ಹೇಳುವವಳ ಬಾಯಿಂದಲೇ ಹೂಂ ಎಂದು ಬರದಿದ್ದರೆ ಆ ಕೋಣೆಯನ್ನು ಡ್ಯಾನ್ಸ್ ಕ್ಲಾಸಿಗೆ ಕೊಡುತ್ತಾಳಂತೆ. ನಿನ್ನ ಬದಲು ನಾನು ಹೂಂ ಎಂದೆ. ‘ನಿಮ್ಮ ಹೂಂ ನಡೆಯುವುದಿಲ್ಲ’ ಎಂದಳು. ಎಂಥ ಕಾಲ ನೋಡು.

ಇನ್ನೊಂದು. ಅವಳು ಕೊನೆಗೆ ಹೊಲಿದದ್ದು ನಿನ್ನ ಕೋಟು, ಪಾಠಕ್ಕೆ ಹಾಕಿಕೊಂಡು ಹೋಗಲೆಂದು. ನೀನು ಅದನ್ನು ಮೊಳೆಯಲ್ಲೇ ಬಿಟ್ಟು ಹೋದೆ. ಮೊನ್ನೆ ಒಳಪದರ ಬಿಚ್ಚಿ ನೋಡಿದೆ. ಎರಡು ಬೆರಳಲ್ಲ, ನಾಲ್ಕು ಬೆರಳು ಬಟ್ಟೆ ಬಿಟ್ಟಿದ್ದಾಳೆ, ಎರಡೂ ಪಕ್ಕದಲ್ಲಿ. ತಾನು ಇರುವುದಿಲ್ಲ ಎಂದು ಗೊತ್ತಿದ್ದವಳು ಕೂತು, ನೀನು ಮುಂದೆ ಉಂಡು, ಬಸುರಾಗಿ, ದಪ್ಪಗಾಗಿ, ಇನ್ನೂ ಅದೇ ಕೋಟು ಹಾಕಿಕೊಂಡು ಬೋರ್ಡಿನ ಮುಂದೆ ನಿಂತಿರುವುದನ್ನು ಅಳತೆ ಹಾಕಿ ಹೊಲಿದಿದ್ದಾಳೆ. ನೀನೋ ಒಪ್ಪತ್ತು ಉಂಡು ಕಡ್ಡಿಯಾಗಿದ್ದೀಯೆಂದು ನಿನ್ನನ್ನು ಆ ಊರಿನಲ್ಲಿ ನೋಡಿಬಂದ ಡ್ರೈವರು ಹೇಳಿದ. ಅಷ್ಟು ಬಟ್ಟೆಯನ್ನು ದಂಡ ಮಾಡುತ್ತೀಯಾ?

ನಮ್ಮ ಮಾತಿನಲ್ಲಿ ಹೆಚ್ಚಿಗೆ ಹೇಳಬೇಕಾದರೆ ಬೇರೆಯವರನ್ನು ಕರೆಯುವುದಿಲ್ಲ, ಅದೇ ಮಾತನ್ನು ಇನ್ನೊಮ್ಮೆ ತಟ್ಟುತ್ತೇವೆ. ನಟ್ಟನಡುವೆ, ತುತ್ತತುದಿ, ಕಟ್ಟಕಡೆ. ಗಟ್ಟಿಯಾಗಲೆಂದು ಎರಡು ಸಾಲು ಹೊಲಿಗೆ ಹಾಕಿದ ಹಾಗೆ. ಆದ್ದರಿಂದ ಹೀಗೆ ಬರೆಯುತ್ತೇನೆ, ಇಂಗ್ಲಿಷಿಗೆ ನೀನೇ ಇಳಿಸಿಕೋ. ಮನೆ ಖಾಲಿ ಖಾಲಿ. ನಿನ್ನ ತಪ್ಪಿಲ್ಲ, ನಿನ್ನ ತಪ್ಪಿಲ್ಲ.

ನಾನು ಹೇಗಿದ್ದೇನೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಿನ್ನ ಅಮ್ಮನ ಹಾಗೆ ಸ್ವಲ್ಪ ನೆನಪಾಗುತ್ತೀಯೆ ಎಂದು ಬರೆಯಲು ಪೆನ್ನು ಹೋಗಿತ್ತು, ಹೊಡೆದುಹಾಕಿದೆ. ತುಂಬಾ ನೆನಪಾಗುತ್ತೀಯೆ ಕಣೇ. ತುಂಬಾ ನೋವಾಗುತ್ತದೆ. ಒಳಗೆ ಒಂದೆಳೆ ಬಟ್ಟೆಯನ್ನೂ ಬಿಡದೆ ಬರೆದಿದ್ದೇನೆ.

ನಿನ್ನ ನಾಲಿಗೆ ತಂಪಾಗಿರಲಿ, ಹೊಟ್ಟೆ ತುಂಬಿರಲಿ, ಆ ಕೋಟಿನ ಹೊಲಿಗೆ ಒಂದೊಂದಾಗಿ ಬಿಚ್ಚುವಷ್ಟು ಕಾಲ ಬಾಳು.

ನಿನ್ನ ಕೊನೆಯ ಕುರ್ಚಿಯ ದಡ್ಡಿ,
ಅಜ್ಜಿ

ಮುಂದಿನ ತಿಂಗಳು ಕಾಲಿಡುವ ಮೊದಲು ಉತ್ತರ ನನ್ನ ಕೈಯಲ್ಲಿರಬೇಕು. ಮೆಸೇಜು ನಡೆಯುವುದಿಲ್ಲ. ಕೈಯಲ್ಲಿ ಬರೆ, ಎಷ್ಟಿದೆಯೋ ಅಷ್ಟನ್ನೂ ಬರೆ.